ಎರಡು ರೆಸಿಸ್ಟರ್, ಒಂದು ಚಿಪ್, ಒಂದು ಹಳೇ ಟಿವಿ

ಕಳೆದ ಸಂಚಿಕೆಯಲ್ಲಿ ಮನೆಯಲ್ಲೇ ಕಟ್ಟಬಹುದಾದ ಪುಟ್ಟ ಗೇಮ್ ಕನ್ಸೋಲ್ ಬಗ್ಗೆ ಬರೆದಿದ್ದೆ. ಸಾಮಾನು ಇಷ್ಟೇ: ಒಂದು ಆರ್ಡುಯಿನೋ ಊನೋ ಬೋರ್ಡು (ನಾವೇ ಪ್ರೋಗ್ರಾಂ ತುಂಬಬಹುದಾದ ಪುಟ್ಟ ಚಿಪ್ಪಿನ ಬೋರ್ಡು), 470 ಓಮ್‌ನದೊಂದು ಮತ್ತು 1 ಕಿಲೋ ಓಮ್‌ನದೊಂದು ರೆಸಿಸ್ಟರ್, ಟಿವಿಯ ಹಳದಿ ಜಾಕಿಗೆ ಹೋಗುವ ಕೇಬಲ್, ಐದು ಪುಶ್ ಬಟನ್, ಒಂದು ಬ್ರೆಡ್‌ಬೋರ್ಡು. ಚಿತ್ರ ಬರೆಯುವ ಕೆಲಸ ಟಿವಿಔಟ್ ಅನ್ನೋ ಓಪನ್ ಸೋರ್ಸ್ ಲೈಬ್ರರಿಯದು. ಕಟ್ಟಿ ಆಡಿದವರು, ಕಟ್ಟಲು ಹೊರಟವರು, ಅರ್ಧಕ್ಕೆ ನಿಂತವರು ಎಲ್ಲರೂ ಬರೆದಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ತಂದು, ಹಳೇ ಆಟ ಓಡಿಸುವ ರೆಟ್ರೋಪೈ ಸಾಫ್ಟ್‌ವೇರ್ ಹಾಕಿದರೆ ಒಂದೇ ಮಧ್ಯಾಹ್ನದಲ್ಲಿ ಕನ್ಸೋಲ್ ಸಿದ್ಧ. ಹಾಗಿರುವಾಗ 2 ಕಿಲೋಬೈಟ್ ಮೆಮೊರಿಯ ಚಿಪ್ ಹಿಡಿದುಕೊಂಡು ಒದ್ದಾಡೋದು ಯಾಕೆ ಸರ್?

ಉತ್ತರ: ಹಳೇ ಆಟ ಆಡೋದಷ್ಟೇ ಬೇಕಾಗಿದ್ದರೆ ರಾಸ್ಪ್‌ಬೆರಿ ಪೈ ಬಹಳ ಒಳ್ಳೆಯದು, ಅದನ್ನೇ ತಗೊಳ್ಳಿ. ಆದರೆ ಕನ್ಸೋಲ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯುವ ಆಸೆ ಇದ್ದರೆ ಅದು ಸಾಲದು. ಅಲ್ಲಿ ಓಡೋದು ಎಮ್ಯುಲೇಟರ್, ಅಂದರೆ ಹಳೇ ಕನ್ಸೋಲನ್ನು ನಕಲು ಮಾಡುವ ಪ್ರೋಗ್ರಾಂ. ಅದರ ಕೆಳಗೆ ಲಿನಕ್ಸ್, ಅದರ ಕೆಳಗೆ ಡ್ರೈವರ್, ಅದರ ಕೆಳಗೆ ಗ್ರಾಫಿಕ್ಸ್ ಚಿಪ್. ಪರದೆ ಮೇಲಿನ ಒಂದು ಚುಕ್ಕಿ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೊರಟರೆ ಅರ್ಧ ದಾರಿಯಲ್ಲೇ ಕಳೆದುಹೋಗುತ್ತೀರಿ.

ಊನೋದಲ್ಲಿ ಆ ದಾರಿ ಒಂದು ಗೇಣು ಉದ್ದ. ಚಿಪ್ಪಿನ ಕಾಲು, ಒಂದು ರೆಸಿಸ್ಟರ್, ಕೇಬಲ್, ಟಿವಿ, ಮುಗೀತು. ಎನ್‌ಟಿಎಸ್‌ಸಿ (ಅಮೆರಿಕ ಕಡೆಯ ಹಳೇ ಟಿವಿ ಪದ್ಧತಿ) ಟಿವಿ ಒಂದು ಅಡ್ಡ ಗೆರೆ ಬರೆಯಲು ಸುಮಾರು 63.5 ಮೈಕ್ರೋಸೆಕೆಂಡ್ ತಗೊಳ್ಳುತ್ತದೆ. ನಮ್ಮ ಚಿಪ್ 16 ಮೆಗಾಹರ್ಟ್ಸ್‌ನದು. ಅಂದರೆ ಒಂದು ಗೆರೆ ಮುಗಿಯುವಷ್ಟರಲ್ಲಿ ಅದಕ್ಕೆ ಸಿಗುವುದು ಸುಮಾರು 1,016 ಕ್ಲಾಕ್, ಅಂದರೆ ಚಿಪ್ಪಿನ ಅಷ್ಟು ಮಿಡಿತ. ಅಷ್ಟರೊಳಗೆ 'ಹೊಸ ಗೆರೆ ಶುರು' ಅನ್ನುವ ಸಿಂಕ್ ಸಂಕೇತ ಕೊಡಬೇಕು, ಮೆಮೊರಿಯಿಂದ ಬಿಟ್‌ಗಳನ್ನು ತೆಗೆದು ಒಂದರ ಹಿಂದೆ ಒಂದರಂತೆ ಹೊರಗೆ ಕಳಿಸಬೇಕು, ಮತ್ತೆ ಮುಂದಿನ ಗೆರೆಗೆ ತಯಾರಾಗಬೇಕು. ಹೀಗೆ ಒಂದು ಫ್ರೇಮಿಗೆ 262 ಗೆರೆ, ಸೆಕೆಂಡಿಗೆ ಸುಮಾರು 60 ಫ್ರೇಮ್. 1977ರ ಅಟಾರಿ ಕನ್ಸೋಲಿನಲ್ಲಿ ಇದ್ದದ್ದು ಬರೀ 128 ಬೈಟ್ ರ್‍ಯಾಮ್. ಇಡೀ ಚಿತ್ರವನ್ನು ಇಟ್ಟುಕೊಳ್ಳಲು ಜಾಗವೇ ಇಲ್ಲದ್ದರಿಂದ ಟಿವಿ ಗೆರೆ ಎಳೆಯುತ್ತಿದ್ದ ಹಾಗೆಯೇ ಪ್ರೋಗ್ರಾಂ ಆ ಗೆರೆಯನ್ನು ಸಿದ್ಧ ಮಾಡಿಕೊಡಬೇಕಿತ್ತು. ನಿಮ್ಮ ಊನೋದಲ್ಲಿ ಅದರ 16 ಪಟ್ಟು ರ್‍ಯಾಮ್ ಇದೆ. ನಾನು ಮೊದಲ ಸಲ ಪರದೆಯ ಮಧ್ಯೆ ಒಂದೇ ಒಂದು ಬಿಳಿ ಚುಕ್ಕಿ ತರಿಸಿದ ರಾತ್ರಿ ಅದನ್ನೇ ನೋಡುತ್ತಾ ಸುಮಾರು ಹೊತ್ತು ಕೂತಿದ್ದೆ. ಆ ಚುಕ್ಕಿ ಯಾವ ಬೈಟಿನ ಯಾವ ಬಿಟ್ಟು ಅಂತ ನನಗೆ ಗೊತ್ತಿತ್ತು. ಆ ಖುಷಿಗೋಸ್ಕರವೇ ಒದ್ದಾಡಿ ಅಂತ ನಾನು ಹೇಳೋದು.

ಪ್ರಶ್ನೆ: ಚಿತ್ರ ಬಂತು, ಆದರೆ ಕಪ್ಪು ಇರಬೇಕಾದ ಕಡೆಯೆಲ್ಲ ಬೂದಿ ಬಣ್ಣ. ಜೊತೆಗೆ ಆಗಾಗ ಗೆರೆಗಳು ಅಡ್ಡಡ್ಡ ನಡುಗುತ್ತವೆ. ಬೋರ್ಡು ಹಾಳಾಗಿದೆಯಾ?

ಉತ್ತರ: ಬೋರ್ಡು ಚೆನ್ನಾಗಿದೆ. ಇವು ಎರಡು ಬೇರೆ ಬೇರೆ ತೊಂದರೆ.

ಬೂದಿ ಬಣ್ಣಕ್ಕೆ ಕಾರಣ ರೆಸಿಸ್ಟರ್ ಅದಲುಬದಲು ಆಗಿರೋದು. ನಾನೂ ಇದೇ ತಪ್ಪು ಮಾಡಿ ಒಂದು ಸಂಜೆ ಪೂರ್ತಿ ಪ್ರೋಗ್ರಾಂ ತಿದ್ದುತ್ತಾ ಕೂತಿದ್ದೆ. 470 ಓಮ್‌ಗೆ ಹಳದಿ, ನೇರಳೆ, ಕಂದು ಪಟ್ಟಿ. 1 ಕಿಲೋ ಓಮ್‌ಗೆ ಕಂದು, ಕಪ್ಪು, ಕೆಂಪು. ಮಂದ ಬೆಳಕಿನಲ್ಲಿ ನೇರಳೆಯೂ ಕಂದೂ ಒಂದೇ ತರ ಕಾಣುತ್ತವೆ, ಹಾಗಾಗಿ ಕಣ್ಣನ್ನು ನಂಬಬೇಡಿ, ಮಲ್ಟಿಮೀಟರ್ ಇಟ್ಟು ಅಳೆದುಬಿಡಿ. 9ನೇ ಪಿನ್ ಸಿಂಕ್, ಅದಕ್ಕೆ 1 ಕಿಲೋ ಓಮ್. 7ನೇ ಪಿನ್ ಚಿತ್ರ, ಅದಕ್ಕೆ 470. ಎರಡರ ಇನ್ನೊಂದು ತುದಿಗಳು ಸೇರಿ ಕೇಬಲಿನ ನಡುಪಿನ್ನಿಗೆ ಹೋಗುತ್ತವೆ, ಹೊರಗಿನ ಬಳೆ ಗ್ರೌಂಡಿಗೆ.

ಇದರ ಲೆಕ್ಕ ಒಮ್ಮೆ ಮಾಡಿ ನೋಡಿ, ತುಂಬಾ ಚೆನ್ನಾಗಿದೆ. ಟಿವಿಯ ಒಳಗೆ 75 ಓಮ್ ಇರುತ್ತದೆ. ಎರಡೂ ಪಿನ್ ಸೊನ್ನೆ ಆಗಿದ್ದರೆ 0 ವೋಲ್ಟ್, ಅದು ಸಿಂಕ್. 9ನೇ ಪಿನ್ ಮಾತ್ರ ಮೇಲಿದ್ದರೆ, ಅಂದರೆ 5 ವೋಲ್ಟ್ ಕೊಡುತ್ತಿದ್ದರೆ, ಸುಮಾರು 0.3 ವೋಲ್ಟ್, ಅದು ಕಪ್ಪು. ಎರಡೂ ಮೇಲಿದ್ದರೆ ಸುಮಾರು 0.95, ಅದು ಬಿಳಿ. ಟಿವಿ ಕೇಳೋದೂ ಹೆಚ್ಚುಕಮ್ಮಿ ಇಷ್ಟನ್ನೇ. ರೆಸಿಸ್ಟರ್ ಅದಲುಬದಲಾದರೆ ಕಪ್ಪು 0.3ರ ಬದಲು 0.65ರ ಹತ್ತಿರ ಹೋಗಿ ಕೂರುತ್ತದೆ. ಟಿವಿ ಅದನ್ನು ಬೂದಿ ಅಂತಲೇ ಓದುತ್ತದೆ, ಅದರ ತಪ್ಪೇನಿಲ್ಲ ಅಲ್ವಾ?

ಇನ್ನು ನಡುಕ. ನಿಮ್ಮ ಕೋಡಿನಲ್ಲಿ ಎಲ್ಲಾದರೂ ಸೀರಿಯಲ್ ಪ್ರಿಂಟ್ (ಕಂಪ್ಯೂಟರಿಗೆ ಅಕ್ಷರ ಕಳಿಸುವ ಸಾಲು) ಉಳಿದಿದೆಯಾ ನೋಡಿ. ಅದಕ್ಕಾಗಿ ನಡುವೆ ನುಗ್ಗುವ ಕೆಲಸ, ಅಂದರೆ ಸೀರಿಯಲ್ ಇಂಟರಪ್ಟ್, ಓಡುತ್ತಿರುವಾಗಲೇ ಹೊಸ ಗೆರೆಯ ಸಮಯ ಬಂದರೆ ಆ ಗೆರೆ ಕೆಲವು ಕ್ಲಾಕ್ ತಡವಾಗಿ ಶುರುವಾಗುತ್ತದೆ. ತಡವಾದ ಗೆರೆ ಬಲಕ್ಕೆ ಜಾರುತ್ತದೆ. ನೀವು ನಡುಕ ಅಂತ ನೋಡಿದ್ದು ಅದನ್ನೇ. ಸೀರಿಯಲ್ ಬೇಕೇಬೇಕು ಅಂದರೆ ಟಿವಿಔಟ್ ಜೊತೆಗೇ ಬರುವ ಪೋಲ್‌ಸೀರಿಯಲ್ ಬಳಸಿ. ದೋಷ ಹುಡುಕಲಷ್ಟೇ ಆದರೆ ಅಂಕಿಯನ್ನು ಪರದೆಯ ಮೂಲೆಯಲ್ಲೇ ಬರೆಸಿ ನೋಡೋದು ಇನ್ನೂ ಸುಲಭ.

ಪ್ರಶ್ನೆ: ಹೊಸ ಊನೋ ಆರ್4 ತಂದಿದ್ದೇನೆ. ಲೈಬ್ರರಿ ಕಂಪೈಲ್ ಆಗುತ್ತಲೇ ಇಲ್ಲ.

ಉತ್ತರ: ಆಗುವುದಿಲ್ಲ. ಹೆಸರು ಊನೋ ಆದರೂ ಆರ್4ರಲ್ಲಿ ಇರುವುದು ಬೇರೆಯೇ ಜಾತಿಯ ಚಿಪ್. ಟಿವಿಔಟ್ ಬರೆದಿರುವುದು ಹಳೇ ಊನೋಗಳಲ್ಲಿರುವ ಎವಿಆರ್ ಜಾತಿಯ ಚಿಪ್ಪಿಗೆ, ಒಂದೊಂದು ಕ್ಲಾಕನ್ನೂ ಎಣಿಸಿ. ಎಟಿಮೆಗಾ328ಪಿ ಇರುವ ಆರ್3 ಬೋರ್ಡು ಬೇಕು.

ಪ್ರಶ್ನೆ: ನಮ್ಮ ಟಿವಿಯಲ್ಲಿ ಹಳದಿ ಜಾಕ್ ಇಲ್ಲವೇ ಇಲ್ಲ, ಬರೀ ಎಚ್‌ಡಿಎಂಐ. ಏನು ಮಾಡಲಿ?

ಉತ್ತರ: ಕಾರಿನ ಹಿಂದಿನ ಕ್ಯಾಮೆರಾಗೆ ಹಾಕುವ ಪುಟ್ಟ ಪರದೆಗಳಲ್ಲಿ ಕಾಂಪೊಸಿಟ್ ಇನ್‌ಪುಟ್ (ಅದೇ ಹಳದಿ ಜಾಕಿನ ಸಿಗ್ನಲ್) ಇರುತ್ತದೆ, ಅದು ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಎಚ್‌ಡಿಎಂಐಗೆ ಬದಲಿಸುವ ಡಬ್ಬಿಗಳೂ ಇವೆ. ಆದರೆ ನಮ್ಮ ಸಿಗ್ನಲ್ ಹಳೇ ಕನ್ಸೋಲುಗಳ ಹಾಗೆ ಇಂಟರ್‌ಲೇಸ್ (ಒಂದು ಸಲ ಬೆಸ ಗೆರೆ, ಮುಂದಿನ ಸಲ ಸಮ ಗೆರೆ ಬರೆಯುವ ರೀತಿ) ಇಲ್ಲದ್ದು. ಕೆಲವು ಡಬ್ಬಿಗಳು ಅದನ್ನು ಒಪ್ಪುವುದಿಲ್ಲ. ಆದ್ದರಿಂದ ಜೋಡಿಸಿ ನೋಡಿದ ಮೇಲೇ ಇಟ್ಟುಕೊಳ್ಳಿ.

ಟಿವಿಯೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. 128ಕ್ಕೆ 64 ಚುಕ್ಕಿಯ ಓಎಲ್‌ಇಡಿ ಪರದೆ ಹಾಕಿ, ಕೈಯಲ್ಲಿ ಹಿಡಿಯುವ ಕನ್ಸೋಲ್ ಮಾಡಿ. ಆರ್ಡುಬಾಯ್ ಅನ್ನುವ ಓಪನ್ ಸೋರ್ಸ್ ಕನ್ಸೋಲ್ ಇರುವುದೇ ಹೀಗೆ: ಎಟಿಮೆಗಾ32ಯು4 ಚಿಪ್, 2.5 ಕಿಲೋಬೈಟ್ ರ್‍ಯಾಮ್, ಆರು ಬಟನ್. ಪರದೆ ಕೊಳ್ಳುವಾಗ ಮಾತ್ರ ಒಂದು ಎಚ್ಚರ ಇರಲಿ. ಚಿಪ್ಪಿಗೂ ಪರದೆಗೂ ಮಾತುಕತೆಯ ರೀತಿ ಎರಡು, ಐಸ್ಕ್ವೇರ್‌ಸಿ ಮತ್ತು ಎಸ್‌ಪಿಐ. ನಾಲ್ಕು ಕಾಲಿನ ಐಸ್ಕ್ವೇರ್‌ಸಿ ಪರದೆಗೆ ಜೋಡಣೆ ಸುಲಭ, ಆದರೆ ಇಡೀ ಚಿತ್ರದ 1,024 ಬೈಟ್ ಕಳಿಸಲು 400 ಕಿಲೋಹರ್ಟ್ಸ್‌ನಲ್ಲಿ ಸುಮಾರು 23 ಮಿಲಿಸೆಕೆಂಡ್ ಬೇಕು. ಅಲ್ಲಿಗೆ ಸೆಕೆಂಡಿಗೆ 43 ಚಿತ್ರ ದಾಟುವುದಿಲ್ಲ, ಆ ಹೊತ್ತಿನಲ್ಲಿ ಆಟವೂ ಕಾಯುತ್ತಾ ನಿಂತಿರುತ್ತದೆ. ಎಸ್‌ಪಿಐ ಪರದೆಗೆ ಎರಡು ಮೂರು ವೈರ್ ಜಾಸ್ತಿ, ಆದರೆ 8 ಮೆಗಾಹರ್ಟ್ಸ್‌ನಲ್ಲಿ ಅದೇ ಕೆಲಸ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಆಟಕ್ಕೆ ಎಸ್‌ಪಿಐನೇ ತಗೊಳ್ಳಿ.

ಪ್ರಶ್ನೆ: ಬಟನ್ ಒತ್ತದಿದ್ದರೂ ಒತ್ತಿದ ಹಾಗೆ ತೋರಿಸುತ್ತದೆ. ಇನ್ನೊಂದು ಬಟನ್ ಒಮ್ಮೆ ಒತ್ತಿದರೆ ಎರಡು ಗುಂಡು ಹಾರುತ್ತವೆ.

ಉತ್ತರ: ನಾಲ್ಕು ಕಾಲಿನ ಆ ಪುಟ್ಟ ಸ್ವಿಚ್ಚನ್ನು ತಿರುಗಿಸಿ ನೋಡಿ. ಅದರ ಕಾಲುಗಳು ಎರಡೆರಡಾಗಿ ಒಳಗೇ ಸೇರಿಕೊಂಡಿರುತ್ತವೆ. ಸೇರಿಕೊಂಡಿರುವ ಜೋಡಿಗೇ ನೀವು ಎರಡೂ ವೈರ್ ಕೊಟ್ಟಿದ್ದರೆ ಅದು ಯಾವಾಗಲೂ ಒತ್ತಿದಂತೆಯೇ. ಮೂಲೆಯಿಂದ ಮೂಲೆಗೆ, ಎದುರುಬದುರು ಇರುವ ಕಾಲುಗಳನ್ನು ಹಿಡಿದರೆ ಈ ತಪ್ಪು ಆಗುವುದೇ ಇಲ್ಲ. ಒಂದು ಕಾಲು ಪಿನ್ನಿಗೆ, ಒಂದು ಗ್ರೌಂಡಿಗೆ. ಕೋಡಿನಲ್ಲಿ ಪಿನ್ನನ್ನು ಇನ್‌ಪುಟ್ ಪುಲ್‌ಅಪ್ ಅಂತ ಇಡಿ. ಆಗ ಬಿಟ್ಟಿದ್ದರೆ 1, ಒತ್ತಿದರೆ 0.

ಎರಡು ಗುಂಡಿಗೆ ಕಾರಣ ಬೇರೆ. ಒತ್ತಿದಾಗ ಒಳಗಿನ ಲೋಹದ ತಗಡು ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ಅದಕ್ಕೆ ಬೇರೆ ಸರ್ಕಿಟ್ ಏನೂ ಬೇಡ. ಬಟನ್ನನ್ನು ಫ್ರೇಮಿಗೆ ಒಂದೇ ಸಲ ಓದಿ, ಹಿಂದಿನ ಫ್ರೇಮಿನಲ್ಲಿ ಬಿಟ್ಟಿದ್ದು ಈ ಫ್ರೇಮಿನಲ್ಲಿ ಒತ್ತಿದ್ದರೆ ಮಾತ್ರ ಗುಂಡು ಹಾರಿಸಿ. ಎರಡು ಓದುಗಳ ನಡುವೆ 16 ಮಿಲಿಸೆಕೆಂಡ್ ಇರುವುದರಿಂದ ಪುಟಿತ ಅಷ್ಟರಲ್ಲಿ ಅಡಗಿರುತ್ತದೆ.

ಪ್ರಶ್ನೆ: ಚೆಂಡು ಒಂದೋ ತೀರಾ ನಿಧಾನ, ಇಲ್ಲವೋ ತೀರಾ ಜೋರು. ನಡುವಿನ ವೇಗ ಸಿಗುತ್ತಿಲ್ಲ. ಫ್ಲೋಟ್ (ದಶಮಾಂಶ ಸಂಖ್ಯೆ) ಹಾಕಿ ನೋಡಿದೆ, ಆಟವೇ ಎಳೆಯತೊಡಗಿತು.

ಉತ್ತರ: ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. ಫ್ರೇಮಿಗೆ ಒಂದು ಚುಕ್ಕಿ ಸರಿದರೆ ಚೆಂಡು 128 ಚುಕ್ಕಿಯ ಪರದೆ ದಾಟಲು ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಎರಡು ಚುಕ್ಕಿ ಸರಿದರೆ ಒಂದು ಸೆಕೆಂಡು. ನಿಮಗೆ ಬೇಕಾಗಿರುವುದು ಒಂದೂವರೆ ಚುಕ್ಕಿ, ಆದರೆ ಅರ್ಧ ಚುಕ್ಕಿ ಅನ್ನೋದು ಪರದೆಯಲ್ಲಿ ಇಲ್ಲ.

ಹಳೇ ಕಾಲದವರ ಉಪಾಯ ಹೀಗೆ. ಚೆಂಡಿನ ಜಾಗವನ್ನು ಚುಕ್ಕಿಯಲ್ಲಿ ಇಡಬೇಡಿ, ಚುಕ್ಕಿಯ ಹದಿನಾರನೇ ಒಂದು ಭಾಗದಲ್ಲಿ ಇಡಿ. ಆಗ ಪರದೆಯ ಅಗಲ 128ರ ಬದಲು 2,048 ಆಗುತ್ತದೆ. 16 ಬಿಟ್ ಪೂರ್ಣಾಂಕದಲ್ಲಿ ಆರಾಮಾಗಿ ಕೂರುತ್ತದೆ. ಫ್ರೇಮಿಗೆ 24 ಕೂಡಿಸುತ್ತಾ ಹೋದರೆ ಅದೇ ಒಂದೂವರೆ ಚುಕ್ಕಿ. ಬರೆಯುವ ಹೊತ್ತಿಗೆ ಮಾತ್ರ ನಾಲ್ಕು ಬಿಟ್ ಬಲಕ್ಕೆ ಸರಿಸಿ, ಅಂದರೆ 16ರಿಂದ ಭಾಗಿಸಿ. ಚೆಂಡು ಒಂದು ಫ್ರೇಮಿನಲ್ಲಿ ಒಂದು ಚುಕ್ಕಿ, ಮುಂದಿನದರಲ್ಲಿ ಎರಡು, ಮತ್ತೆ ಒಂದು, ಹೀಗೆ ಸರಿಯುತ್ತದೆ. ಕಣ್ಣಿಗೆ ಅದು ನುಣ್ಣಗೆ ಕಾಣುತ್ತದೆ. ಪ್ರತಿ ಹೊಡೆತಕ್ಕೆ 24ನ್ನು 25, 26 ಮಾಡುತ್ತಾ ಹೋದರೆ ಆಟ ತಾನಾಗಿಯೇ ಬಿಗಿಯಾಗುತ್ತದೆ.

ಫ್ಲೋಟ್ ಯಾಕೆ ಎಳೆಯಿತು ಅಂದರೆ ಈ ಚಿಪ್ಪಿನಲ್ಲಿ ದಶಮಾಂಶ ಲೆಕ್ಕಕ್ಕೆ ಬೇರೆ ಯಂತ್ರಾಂಗ ಇಲ್ಲ, ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ತಿಣುಕಿ ಮಾಡಬೇಕು. ಮಾಡಲು ಸಮಯವಾದರೂ ಎಷ್ಟಿದೆ? 96 ಸಾಲಿನ ಚಿತ್ರದಲ್ಲಿ ಪ್ರತಿ ಸಾಲೂ ಎರಡು ಸಲ ಬರೆದು 192 ಗೆರೆ ಆಗುತ್ತದೆ. ಆ ಗೆರೆಗಳ ಹೊತ್ತಿನಲ್ಲಿ ಚಿಪ್ ಚಿತ್ರ ಕಳಿಸುವುದರಲ್ಲೇ ಮುಳುಗಿರುತ್ತದೆ. ಉಳಿದ 70 ಗೆರೆಗಳಲ್ಲಿ, ಅಂದರೆ ಸುಮಾರು 4.4 ಮಿಲಿಸೆಕೆಂಡಿನಲ್ಲಿ, ಬಟನ್ ಓದಬೇಕು, ಚೆಂಡು ಸರಿಸಬೇಕು, ಡಿಕ್ಕಿ ನೋಡಬೇಕು, ಹೊಸ ಚಿತ್ರ ಬರೆಯಬೇಕು. ನಿಮ್ಮ ಟಿವಿ ಪಾಲ್ (ನಮ್ಮ ದೇಶದ ಹಳೇ ಟಿವಿ ಪದ್ಧತಿ) ಒಪ್ಪುವುದಾದರೆ ಅದನ್ನೇ ಇಟ್ಟು ನೋಡಿ. ಅದರಲ್ಲಿ 312 ಗೆರೆ, ಫ್ರೇಮಿಗೆ 20 ಮಿಲಿಸೆಕೆಂಡ್. ಚಿತ್ರ ಅಷ್ಟೇ ಇದ್ದರೂ ಆಟಕ್ಕೆ ಸಿಗುವ ಸಮಯ 7.7 ಮಿಲಿಸೆಕೆಂಡಿನ ಹತ್ತಿರ ಹೋಗುತ್ತದೆ. ಫ್ರೇಮ್ 60ರಿಂದ 50ಕ್ಕೆ ಇಳಿಯುವುದರಿಂದ ಚೆಂಡಿನ ವೇಗದ ಅಂಕಿಯನ್ನು ಮಾತ್ರ ಅದಕ್ಕೆ ತಕ್ಕ ಹಾಗೆ ಏರಿಸಿಕೊಳ್ಳಿ.

ಪ್ರಶ್ನೆ: ಹೊಸ ಲೆವೆಲ್ ಸೇರಿಸಿದ ಮೇಲೆ ಆಟ ಇದ್ದಕ್ಕಿದ್ದ ಹಾಗೆ ಮೊದಲಿಂದ ಶುರುವಾಗುತ್ತದೆ. ಕಂಪೈಲರ್ ಏನೂ ತಪ್ಪು ತೋರಿಸುತ್ತಿಲ್ಲ.

ಉತ್ತರ: ರ್‍ಯಾಮ್ ಮುಗಿದಿದೆ. 128ಕ್ಕೆ 96 ಚುಕ್ಕಿಯ ಪರದೆಗೇ 1,536 ಬೈಟ್ ಹೋಗುತ್ತದೆ. 2,048ರಲ್ಲಿ ಉಳಿಯುವುದು 512. ಅದರಲ್ಲೇ ನಿಮ್ಮ ವೇರಿಯಬಲ್‌ಗಳು, ಅದರಲ್ಲೇ ಫಂಕ್ಷನ್‌ಗಳು ಓಡುವಾಗ ಬಳಸುವ ಸ್ಟ್ಯಾಕ್. ಪರದೆಯ ಜಾಗವನ್ನು ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವುದರಿಂದ ಕಂಪೈಲರ್ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ.

ಲೆವೆಲ್ ನಕ್ಷೆ, ಚಿತ್ರ, ಅಕ್ಷರಗಳ ಸಾಲು, ಬದಲಾಗದ್ದು ಏನೇ ಇದ್ದರೂ ಪ್ರೋಗ್‌ಮೆಮ್ ಅಂತ ಹಾಕಿ, ಪ್ರೋಗ್ರಾಂ ಕೂರುವ ಫ್ಲ್ಯಾಶ್ ಮೆಮೊರಿಗೆ ಸಾಗಿಸಿ, ಅಲ್ಲಿ 32 ಕಿಲೋಬೈಟ್ ಇದೆ. ಇಟ್ಟಿಗೆ ಒಡೆಯುವ ಆಟ ಅಂತ ಬರೆದಿದ್ದೀರಿ. ಒಂದು ಇಟ್ಟಿಗೆ ಇದೆಯೋ ಇಲ್ಲವೋ ಅಂತ ಹೇಳಲು ಒಂದು ಬಿಟ್ ಸಾಕು. 192 ಇಟ್ಟಿಗೆಗೆ 192 ಬೈಟ್ ಇಡಬೇಡಿ, 24 ಸಾಕು. ಆಮೇಲೂ ಸಾಲದಿದ್ದರೆ ಪರದೆಯನ್ನು 96ಕ್ಕೆ 72 ಮಾಡಿ, 864 ಬೈಟಿಗೆ ಇಳಿಯುತ್ತದೆ. ಅಡ್ಡ ಅಳತೆ ಮಾತ್ರ 8ರಿಂದ ಭಾಗವಾಗಬೇಕು.

ಪ್ರಶ್ನೆ: ಮಗಳಿಗೆ 12 ವರ್ಷ. ಬ್ರೆಡ್‌ಬೋರ್ಡಿನಲ್ಲಿ ಕಟ್ಟಿದ್ದಾಳೆ, ಈಗ ಬೆಸುಗೆ ಹಾಕಬೇಕು ಅಂತ ಹಟ. ಬಿಡಬಹುದಾ?

ಉತ್ತರ: ಬಿಡಿ, ಆದರೆ ಪಕ್ಕದಲ್ಲೇ ಕೂತುಕೊಳ್ಳಿ. ಕನ್ಸೋಲ್ ಓಡುವುದು ಯುಎಸ್‌ಬಿಯ 5 ವೋಲ್ಟಿನಲ್ಲಿ, ಶಾಕ್ ಹೊಡೆಯುವ ಭಯ ಇಲ್ಲ. ಬಿಸಿ ಮಾತ್ರ ನಿಜವಾದ ಅಪಾಯ, ಐರನ್ನಿನ ತುದಿ 350 ಡಿಗ್ರಿಯ ಹತ್ತಿರ ಇರುತ್ತದೆ. ಕೂದಲು ಕಟ್ಟಿರಲಿ, ಕಣ್ಣಿಗೆ ಕನ್ನಡಕ ಇರಲಿ, ಐರನ್ ಕೈಯಲ್ಲಿ ಇಲ್ಲದಾಗ ಸ್ಟ್ಯಾಂಡಿನಲ್ಲೇ ಇರಲಿ. ಮೇಲೇಳುವ ಹೊಗೆ ಫ್ಲಕ್ಸಿನದು. ಅದನ್ನು ಉಸಿರಾಡಬಾರದು, ಕಿಟಕಿ ತೆರೆದಿಡಿ. ಸೀಸ ಇಲ್ಲದ ಸೋಲ್ಡರ್ ಸಿಕ್ಕರೆ ಅದನ್ನೇ ಕೊಡಿ, ಯಾವುದೇ ಇರಲಿ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ.

ಅವಳಿಗೆ ಇದನ್ನು ತೋರಿಸಿಕೊಡಿ: ಐರನ್ ತುದಿ ಕಾಲನ್ನೂ ತಾಮ್ರದ ಪ್ಯಾಡನ್ನೂ ಒಟ್ಟಿಗೆ ಮುಟ್ಟಬೇಕು. ಒಂದೆರಡು ಸೆಕೆಂಡು ಕಾಯಬೇಕು. ಆಮೇಲೆ ಸೋಲ್ಡರ್ ತಂತಿಯನ್ನು ಐರನ್ನಿಗಲ್ಲ, ಬಿಸಿಯಾದ ಆ ಜಾಗಕ್ಕೇ ತಾಗಿಸಬೇಕು. ತಂತಿ ಕರಗಿ, ಕಾಲಿನ ಸುತ್ತ ಸರ್ರನೆ ಹರಡಿ, ಪುಟ್ಟ ಗುಡ್ಡದ ಹಾಗೆ ಇಳಿಜಾರಾಗಿ ನಿಂತರೆ ಬೆಸುಗೆ ಹಿಡಿದಿದೆ. ಮಣಿಯ ಹಾಗೆ ಉಂಡೆಯಾಗಿ ಮೇಲೆ ಕೂತಿದ್ದರೆ ಹಿಡಿದಿಲ್ಲ, ಮತ್ತೊಮ್ಮೆ ಬಿಸಿ ಮಾಡಬೇಕು. ಮೊದಲು ಖಾಲಿ ಬೋರ್ಡಿನ ಮೇಲೆ ಇಪ್ಪತ್ತು ಬೆಸುಗೆ ಅಭ್ಯಾಸ ಮಾಡಿಸಿ.

ಇದು ಎಲ್ಲರಿಗೂ ಹೇಳುವ ಮಾತು: ಹಳೇ ಟ್ಯೂಬ್ ಟಿವಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರೊಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ನಮ್ಮ ಕೆಲಸ ಹಳದಿ ಜಾಕಿನ ಹೊರಗೇ.

ಪ್ರಶ್ನೆ: ಕಪ್ಪು ಬಿಳುಪು ಸಾಕಾಯಿತು. ಬಣ್ಣ ಬೇಕು.

ಉತ್ತರ: ಹಾಗಾದರೆ ಊಜೆಬಾಕ್ಸ್ ನೋಡಿ. 2008ರಲ್ಲಿ ಹೊರಬಂದ ಓಪನ್ ಸೋರ್ಸ್ ಕನ್ಸೋಲ್ ಅದು. ಎಟಿಮೆಗಾ644 ಚಿಪ್, 64 ಕಿಲೋಬೈಟ್ ಫ್ಲ್ಯಾಶ್, 4 ಕಿಲೋಬೈಟ್ ರ್‍ಯಾಮ್, 256 ಬಣ್ಣ. ಎಂಟು ಪಿನ್‌ಗಳಲ್ಲಿ ಮೂರು ಕೆಂಪಿಗೆ, ಮೂರು ಹಸಿರಿಗೆ, ಎರಡು ನೀಲಿಗೆ. ರೆಸಿಸ್ಟರ್‌ಗಳ ಏಣಿ ಕಟ್ಟಿ ಅವುಗಳಿಂದ ಬಣ್ಣದ ಮಟ್ಟ ತರುತ್ತಾರೆ, ಎಡಿ725 ಅನ್ನೋ ಐಸಿ ಅದನ್ನು ಟಿವಿಯ ಸಿಗ್ನಲ್ ಮಾಡುತ್ತದೆ. 20 ಮೆಗಾಹರ್ಟ್ಸ್‌ಗೆ ಅಂತ ಮಾಡಿದ ಚಿಪ್ಪನ್ನು 28.6ರ ಹತ್ತಿರ ಓಡಿಸುತ್ತಾರೆ.

ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು ಟೈಲ್‌ಗಳ ಉಪಾಯ. 240ಕ್ಕೆ 224 ಚುಕ್ಕಿಯನ್ನು ಚುಕ್ಕಿಗೊಂದು ಬೈಟಿನಂತೆ ಇಟ್ಟರೆ 53,760 ಬೈಟ್ ಬೇಕು. 4 ಕಿಲೋಬೈಟಿನಲ್ಲಿ ಅದು ಎಲ್ಲಿ ಕೂರಬೇಕು? ಅದಕ್ಕೇ ಪರದೆಯನ್ನು 8ಕ್ಕೆ 8ರ ಚೌಕಗಳಾಗಿ ಕತ್ತರಿಸುತ್ತಾರೆ. ಚೌಕದ ಚಿತ್ರಗಳು ಫ್ಲ್ಯಾಶಿನಲ್ಲಿ, ಯಾವ ಜಾಗದಲ್ಲಿ ಯಾವ ಚೌಕ ಅನ್ನೋ ಸಂಖ್ಯೆ ಮಾತ್ರ ರ್‍ಯಾಮಿನಲ್ಲಿ. 30ಕ್ಕೆ 28 ಚೌಕ, ಒಟ್ಟು 840 ಬೈಟ್.

ಚಿಪ್ಪಿಗೆ ಫ್ಯೂಸ್ ಬಿಟ್ (ಕ್ಲಾಕ್ ಎಲ್ಲಿಂದ ಬರುತ್ತದೆ ಎಂಬಂಥ ಮೂಲ ಸೆಟ್ಟಿಂಗ್) ಬರೆಯುವಾಗ ಎರಡು ಸಲ ನೋಡಿ. ನಾನು ಒಮ್ಮೆ ಕ್ಲಾಕ್ ಹೊರಗಿನಿಂದ ಬರುತ್ತದೆ ಅಂತ ಬರೆದುಬಿಟ್ಟೆ, ಬೋರ್ಡಿನಲ್ಲಿ ಇದ್ದದ್ದು ಕ್ರಿಸ್ಟಲ್. ಚಿಪ್ಪಿಗೆ ಕೋಡ್ ತುಂಬುವ ಪ್ರೋಗ್ರಾಮರ್ ಸಾಧನಕ್ಕೆ ಚಿಪ್ ಉತ್ತರಿಸುವುದನ್ನೇ ನಿಲ್ಲಿಸಿತು. ಸತ್ತಿದೆ ಅಂತ ಎತ್ತಿಟ್ಟಿದ್ದೆ. ಆಮೇಲೆ ಇನ್ನೊಂದು ಬೋರ್ಡಿನ ಪಿನ್ನಿಂದ ಕ್ಲಾಕ್ ತಂದು ಅದರ ಕ್ರಿಸ್ಟಲ್ ಕಾಲಿಗೆ ಕೊಟ್ಟಾಗ ಎದ್ದು ಕೂತಿತು, ಫ್ಯೂಸ್ ಸರಿಮಾಡಿದೆ. ನಿಮ್ಮದೂ ಹೀಗಾದರೆ ಚಿಪ್ ಎಸೆಯಬೇಡಿ. ಪವರ್ ಮತ್ತು ಗ್ರೌಂಡ್ ಕಾಲುಗಳ ಪಕ್ಕದಲ್ಲೇ 104 ಅಂತ ಬರೆದಿರುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕೋದನ್ನೂ ಮರೆಯಬೇಡಿ, ಈ ವೇಗದಲ್ಲಿ ಅದಿಲ್ಲದೆ ನಡೆಯದು.

ಪ್ರಶ್ನೆ: ಓಪನ್ ಸೋರ್ಸ್ ಅಂದಮೇಲೆ ನಾನೂ ಮಾಡಿ ಮಾರಬಹುದಲ್ಲ? ಒಳಗೆ ಹಳೇ ಆಟಗಳನ್ನು ತುಂಬಿ ಕೊಡಬಹುದಾ?

ಉತ್ತರ: ಮೊದಲನೆಯದಕ್ಕೆ ಲೈಸೆನ್ಸ್ ಓದಿ. ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್ ಆಗಿದ್ದರೆ ಮಾರಬಹುದು, ಆದರೆ ಕೊಂಡವರಿಗೆ ಸೋರ್ಸ್ ಕೋಡ್ ಸಿಗಬೇಕು, ನೀವು ಮಾಡಿದ ಬದಲಾವಣೆಯೂ ಸೇರಿ. ಎಲ್ಲೋ ಸಿಕ್ಕ ಸರ್ಕಿಟ್ಟಿನ ಜೊತೆ ಲೈಸೆನ್ಸ್ ಅಂತ ಏನೂ ಇಲ್ಲದಿದ್ದರೆ ಅದು ಓಪನ್ ಅಲ್ಲ, ಬರೆದವರನ್ನು ಕೇಳಿ. ಹೆಸರು, ಲೋಗೋದ ಹಕ್ಕು ಬೇರೆಯೇ ಇರುತ್ತದೆ.

ಎರಡನೆಯದಕ್ಕೆ ಬೇಡ ಅಂತಲೇ ಹೇಳುತ್ತೇನೆ. ಆಟ ಹಳೆಯದಾದ ಮಾತ್ರಕ್ಕೆ ಅದರ ಹಕ್ಕು ಹೋಗಿರುವುದಿಲ್ಲ. ನಿಮ್ಮದೇ ಒಂದು ಆಟ ಬರೆದು ಅದರ ಜೊತೆ ಕೊಡಿ, ಚಿಕ್ಕದಾದರೂ ಪರವಾಗಿಲ್ಲ. ಸರ್ಕಿಟ್ ಚಿತ್ರ, ಬೋರ್ಡಿನ ಫೈಲು, ಸಾಮಾನಿನ ಪಟ್ಟಿ ಎಲ್ಲವನ್ನೂ ಹೊರಗಿಡಿ. ನೀವು ಕಟ್ಟಿದ್ದನ್ನು ನೋಡಿ ಇನ್ನೊಬ್ಬರು ಕಟ್ಟಲು ಆಗಬೇಕು.

ಪ್ರಶ್ನೆ: ಪರದೆಯ ಮೇಲೆ ಕನ್ನಡದಲ್ಲಿ ಸ್ಕೋರ್, 'ಆಟ ಮುಗಿಯಿತು' ಅಂತ ತೋರಿಸಲು ಆಗುತ್ತದೆಯೇ?

ಉತ್ತರ: ಆಗುತ್ತದೆ, ಮಾಡಿ! ಒತ್ತಕ್ಷರ, ಗುಣಿತ ಎಲ್ಲವನ್ನೂ ಚಿಪ್ಪೇ ಜೋಡಿಸಲಿ ಅಂತ ಹೊರಟರೆ ಕಷ್ಟ. ಅದರ ಬದಲು ಇಡೀ ಮಾತನ್ನು ಒಂದು ಚಿತ್ರವಾಗಿ ಬರೆದು ಫ್ಲ್ಯಾಶಿನಲ್ಲಿ ಇಡಿ. 'ಆಟ ಮುಗಿಯಿತು' 96ಕ್ಕೆ 16 ಚುಕ್ಕಿಯಲ್ಲಿ ಬರೆಯಬಹುದು, 192 ಬೈಟ್ ಸಾಕು. ಎತ್ತರ 8 ಚುಕ್ಕಿ ಸಾಲುವುದಿಲ್ಲ, 'ಗಿ'ಯ ಮೇಲಿನ ಗುಡಿಸು ಮುಖ್ಯ ಅಕ್ಷರಕ್ಕೆ ಅಂಟಿಕೊಂಡುಬಿಡುತ್ತದೆ.

ಅಂಕಿಗಳು ಮಾತ್ರ 8ಕ್ಕೆ 8ರಲ್ಲೇ ಕೂರುತ್ತವೆ, ಹತ್ತಕ್ಕೂ ಸೇರಿ 80 ಬೈಟ್. ಚೌಕಳಿ ಹಾಳೆ ತಗೊಂಡು ಪೆನ್ಸಿಲ್‌ನಲ್ಲಿ ಚೌಕ ತುಂಬುತ್ತಾ ಬರೆಯಿರಿ. ೦, ೧, ೨ ಸಲೀಸು. ತೊಂದರೆ ಕೊಡುವುದು ೬ ಮತ್ತು ೯, ಇಷ್ಟು ಸಣ್ಣದರಲ್ಲಿ ಎರಡೂ ಒಂದೇ ತರ ಕಾಣುತ್ತವೆ. ೬ರ ಬಾಲವನ್ನು ಕೊನೆಯ ಸಾಲಿನಲ್ಲಿ ಬಲಕ್ಕೆ ಒಂದು ಚುಕ್ಕಿ ಜಾಸ್ತಿ ಎಳೆದು, ಎರಡನ್ನೂ ಪಕ್ಕಪಕ್ಕ ಟಿವಿಯಲ್ಲಿ ತರಿಸಿ, ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಅಲ್ಲಿಂದ ಗುರುತು ಸಿಗುವವರೆಗೆ ತಿದ್ದುತ್ತಾ ಹೋಗಿ. ನಿಮ್ಮ ಅಂಕಿಗಳು ಸಿದ್ಧವಾದಾಗ ಆ ಹತ್ತು ಚೌಕಗಳನ್ನು ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಬಳಸಲು ಕೊಡೋಣ.